ಚಂಡಮಾರಿಯ ಶಾಂತಿ ಮತ್ತು 'ನಾಳೆ ಬಾ'

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹವಿರುತ್ತಿತ್ತು. ರಾತ್ರಿ ಮನೆಯವರದೇ ಧ್ವನಿಯಲ್ಲಿ ಕೂಗುವ ಹೆಣ್ಣುದೆವ್ವವು ಅದನ್ನೋದಿ ಹಿಂದಿರುಗುವುದೆಂದೂ, ಓಗೊಟ್ಟು ಕದ ತೆರೆದವನು ಸಾಯುವನೆಂದೂ ಜನ ನಂಬಿದ್ದರು. ಈ ಐತಿಹ್ಯವನ್ನೇ ಆಧರಿಸಿ 2018ರಲ್ಲಿ ಅಮರ್ ಕೌಶಿಕ್ ನಿರ್ದೇಶನದ 'ಸ್ತ್ರೀ' ಎಂಬ ಹಿಂದಿ ಚಲನಚಿತ್ರ ಬಂದಿತು. ಇದರಲ್ಲಿ ಪ್ರೇಕ್ಷಕನು ಒಮ್ಮೆ ಬೆಚ್ಚುತ್ತಾನೆ, ಮರುಕ್ಷಣವೇ ನಗುತ್ತಾನೆ. ಕೊನೆಗೆ ಗೋಡೆಯ ಬರಹ ಬದಲಾಗುತ್ತದೆ. ಊರವರು ಅದೇ ದೆವ್ವವನ್ನು 'ರಕ್ಷಿಸು' ಎಂದು ಬೇಡುತ್ತಾರೆ.

ಚಿತ್ರದ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ದೆವ್ವವಾದವಳು ಹಿಂದೆ ಊರವರಿಂದಲೇ ಹತಳಾದ ಹೆಣ್ಣೆಂದು ಅದು ಒಪ್ಪುತ್ತದೆ. ಆದರೆ ಆ ಪಾಪಕ್ಕೆ ಊರು ತೆತ್ತದ್ದೇನು? ಅವಳ ಜಡೆಯನ್ನು ಕತ್ತರಿಸಿ ಬಲವನ್ನು ಕಸಿದರು. ಒಂದು ಪ್ರತಿಮೆ, ಒಂದು ಹೊಸ ಬರಹ, ಅಲ್ಲಿಗೆ ಲೆಕ್ಕ ಚುಕ್ತಾ. 2024ರ ಎರಡನೆಯ ಭಾಗಕ್ಕೆ ರುಂಡವಿಲ್ಲದ ಹೊಸ ರಾಕ್ಷಸನೊಬ್ಬನನ್ನು ತರಬೇಕಾಯಿತು. ಒಂದು ಭಯವನ್ನು ಪಳಗಿಸಿದ ಮೇಲೆ ವ್ಯಾಪಾರಕ್ಕೆ ಮತ್ತೊಂದು ಬೇಕಲ್ಲವೇ!

ಹಾಸ್ಯ ಮತ್ತು ಭಯ, ಎರಡೂ ನವ ನೋಕಷಾಯಗಳಲ್ಲಿ ಸೇರಿದವು. ಒಂದರ ಮೇಲೆ ಮತ್ತೊಂದನ್ನು ಸುರಿದ ಮಾತ್ರಕ್ಕೆ ಮೊದಲನೆಯದು ಕ್ಷಯಿಸದು. ಸಂಸ್ಕೃತ-ಕನ್ನಡಗಳ ಬೆರಕೆಯನ್ನು ತುಪ್ಪ-ಎಣ್ಣೆಗಳ ಬೆರಕೆಯೆಂದು ಹಳಿದ ಮುಳಗುಂದದ ನಯಸೇನನು ('ಧರ್ಮಾಮೃತ', ಕ್ರಿ.ಶ. 1112) ಈ ನಗೆ-ನಡುಕಗಳ ಬೆರಕೆಗೆ ಏನೆನ್ನುತ್ತಿದ್ದನೋ!

ಜನ್ನನ 'ಯಶೋಧರ ಚರಿತೆ'ಯಲ್ಲಿಯೂ (ಕ್ರಿ.ಶ. 1209) ಭಯಂಕರಿಯೊಬ್ಬಳು ಸೌಮ್ಯಳಾಗುತ್ತಾಳೆ. ರಾಜಪುರದ ಚಂಡಮಾರಿಗೆ ಚೈತ್ರದ ಜಾತ್ರೆಯಲ್ಲಿ ಪ್ರಾಣಿಬಲಿ, ಅದರ ಮೇಲೆ ನರಬಲಿ. ಆ ಗುಡಿಯ ಬೀಭತ್ಸವನ್ನು ಕವಿ ತಿಳಿಗೊಳಿಸಲಿಲ್ಲ, ಓದುಗನನ್ನು ನಗಿಸಿ ಪಾರುಮಾಡಲಿಲ್ಲ. ತಂಗಿ ಅಭಯಮತಿಯೊಡನೆ ಬಲಿಗೆ ತರಲ್ಪಟ್ಟ ಅಭಯರುಚಿಯು ಅರಸ ಮಾರಿದತ್ತನ ಕತ್ತಿಗೆ ಅಂಜದೆ ನಿಂತು ತನ್ನ ಪೂರ್ವಭವವನ್ನು ಹೇಳುತ್ತಾನೆ. ಯಶೋಧರನಾಗಿದ್ದಾಗ ಅವನು ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು, ಜೀವಂತ ಪ್ರಾಣಿಗೆ ಬದಲಾಗಿ ಹಿಟ್ಟಿನ ಹುಂಜವನ್ನು ದೇವಿಗೆ ಕಡಿದಿದ್ದನು. ಘೋರವಾದುದನ್ನು ಮೃದುಗೊಳಿಸುವ ಉಪಾಯವೇ ಅದು! ರಕ್ತ ಹರಿಯಲಿಲ್ಲ, ಜೀವ ಹೋಗಲಿಲ್ಲ. ಆದರೆ ಕೊಲ್ಲುವ ಸಂಕಲ್ಪ ಇಡಿಯಾಗಿಯೇ ಇತ್ತು. ಕತ್ತಿ ತಾಗಿದೊಡನೆ ಹಿಟ್ಟಿನ ಹುಂಜ ಕೂಗಿತು. ಆ ಒಂದು ಏಟಿಗೆ ಮಗ ನವಿಲಾಗಿ, ತಾಯಿ ನಾಯಿಯಾಗಿ, ಮತ್ತೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಇದನ್ನು ಕೇಳಿದ ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ. ಚಂಡಮಾರಿಯೂ ಪ್ರತ್ಯಕ್ಷಳಾಗಿ, ಇನ್ನು ಜೀವಬಲಿ ಬೇಡವೆನ್ನುತ್ತಾಳೆ. ಇಲ್ಲಿ ದೇವಿಯ ಬಲವನ್ನು ಯಾರೂ ಕಸಿಯಲಿಲ್ಲ. ಬಲಿಯಿಡುವವನ ಕೈ ತಡೆಯಿತು. 'ಸ್ತ್ರೀ' ಚಿತ್ರದಲ್ಲಿ ಕಾಣದಿರುವುದು ಇದೇ.

ಇಂದಿನವರಿಗೆ ಹಳೆಯ ಕಥೆಯನ್ನು ಮುಟ್ಟುವ ಅಧಿಕಾರವಿಲ್ಲವೆಂದು ಇದರ ಅರ್ಥವಲ್ಲ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕದಲ್ಲಿ (1980) ಮಾರಿದತ್ತನ ಕಥೆಯನ್ನೂ ಭವಾವಳಿಯನ್ನೂ ಕೈಬಿಟ್ಟು, ರಾಜ, ರಾಣಿ, ರಾಜಮಾತೆ, ಮಾವುತ ಇಷ್ಟು ಜನರನ್ನೇ ಉಳಿಸಿಕೊಂಡರು. ಭವಾವಳಿಯಿಲ್ಲದ ಯಶೋಧರನ ಕಥೆ ಶ್ರಾವಕನಿಗೆ ಅರೆಕೊರೆಯೆನಿಸೀತು. ಆದರೂ ಹಿಟ್ಟಿನ ಹುಂಜದ ಕೂಗನ್ನು ಆ ನಾಟಕ ಅಡಗಿಸಲಿಲ್ಲ.