ಸದ್ದಿನ ಅಜಲು

2021ರ ಡಿಸೆಂಬರ್ 27ರ ರಾತ್ರಿ ಬ್ರಹ್ಮಾವರ ತಾಲೂಕಿನ ಕೋಟತಟ್ಟಿನ ಕೊರಗ ಕಾಲನಿಯಲ್ಲಿ ಒಂದು ಮದುವೆಯ ಮೆಹಂದಿ ನಡೀತಿತ್ತು. ಡಿಜೆ ಹಾಕಿದ್ದರು. ಸದ್ದು ಜೋರಾಯಿತು ಅಂತ ದೂರು ಹೋಯಿತು. ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನಿಗೂ ಏಟು ಬಿತ್ತು ಅಂತ ಕಾಲನಿಯವರು ಹೇಳಿದರು. ಆಮೇಲೆ ಸಬ್‌ಇನ್‌ಸ್ಪೆಕ್ಟರ್ ಅಮಾನತಾದರು. ಏಟು ತಿಂದವರ ಮೇಲೂ ಕೇಸು ಬಿತ್ತು.

ಈ ಕರಾವಳಿಯಲ್ಲಿ ಕೊರಗರ ಸದ್ದಿಗೆ ಬೆಲೆ ಕಟ್ಟುವುದು ಹೀಗೆ. ಊರವರ ಗದ್ದೆಯಲ್ಲಿ, ಊರವರು ಕರೆದಾಗ, ಊರವರು ಹೇಳಿದಷ್ಟು ಹೊತ್ತು ಡೋಲು ಬಾರಿಸಿದರೆ ಅದು ಸಂಪ್ರದಾಯ. ತಮ್ಮ ಅಂಗಳದಲ್ಲಿ, ತಮ್ಮ ಖುಷಿಗೆ ಸದ್ದು ಎದ್ದರೆ ಅದು ಗಲಾಟೆ. ಈಗ ಮೂರನೆಯದೊಂದು ಸೇರಿಕೊಂಡಿದೆ. ಅದೇ ಡೋಲಿನ ಸದ್ದನ್ನು ಬೇರೆಯವರು ಯಂತ್ರದಲ್ಲಿ ಹಿಡಿದು, ಕತ್ತರಿಸಿ, ಪಿಟೀಲಿನ ಜೊತೆ ಬೆರೆಸಿದರೆ ಅದು ‘ಪ್ರಾಯೋಗಿಕ ಧ್ವನಿಕಲೆ’. ಈ ಮೂರನೆಯದರ ಬಗ್ಗೆ ನಾವು ನಾಲ್ಕು ಮಾತು ಆಡಲೇಬೇಕಾಗಿದೆ.

ಏನಿದು ಧ್ವನಿಕಲೆ? ಹೆದರುವಂಥದ್ದೇನೂ ಇಲ್ಲ. ಊರಲ್ಲಿ ಕೇಳುವ ಸದ್ದುಗಳನ್ನು ಹಿಡಿಯುವುದು: ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಇರುವ ಮರವಂತೆಯ ರಸ್ತೆ, ಗಂಗೊಳ್ಳಿ ಬಂದರಿನ ದೋಣಿಯ ಇಂಜಿನ್ನು, ಬೈಂದೂರು ದಾಟುವ ಕೊಂಕಣ ರೈಲು, ಬಯಲಾಟದ ಚೆಂಡೆ, ಕಂಬಳಗದ್ದೆಯ ಡೋಲು. ಹಿಡಿದದ್ದನ್ನು ತುಂಡು ಮಾಡುವುದು, ಒಂದು ತುಂಡನ್ನೇ ಸುತ್ತಿ ಸುತ್ತಿ ಹಾಡಿಸುವುದು, ನಿಧಾನ ಮಾಡುವುದು, ಹಿಂದುಮುಂದಾಗಿ ಓಡಿಸುವುದು, ಅದರ ಮೇಲೆ ಕೊಳಲೋ ಹಾರ್ಮೋನಿಯಮ್ಮೋ ನುಡಿಸುವುದು. ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದನ್ನು ಗ್ರಾಮಫೋನಿನ ತಟ್ಟೆಗೆ ಇಳಿಸಿಕೊಂಡು ಇದನ್ನೇ ಮಾಡಿದ. ಆಗ ಇದಕ್ಕೆ ಒಂದು ರೇಡಿಯೋ ಕೇಂದ್ರವೇ ಬೇಕಿತ್ತು. ಈಗ ಮೊಬೈಲು, ಬಿಟ್ಟಿ ಸಿಗುವ ಆಡಾಸಿಟಿಯಂಥ ತಂತ್ರಾಂಶ ಇದ್ದರೆ ಹಳ್ಳಿಯ ಶಾಲೆಯ ಮೇಷ್ಟರೂ ಮಾಡಬಹುದು.

ಈ ಕಲೆಗೆ ನಾವು ವಿರೋಧಿಗಳಲ್ಲ. ಶ್ರುತಿ, ರಾಗ, ತಾಳ ಅಂತ ಮಡಿ ಉಟ್ಟು ಕೂತಿದ್ದ ಸಂಗೀತದ ಪಡಸಾಲೆಗೆ ರೈಲು, ಬಂದರು, ಬೀದಿಗಳನ್ನು ನುಗ್ಗಿಸಿದ ಕಲೆ ಇದು. ಯಾವುದು ನಾದ, ಯಾವುದು ಗದ್ದಲ ಅಂತ ತೀರ್ಪು ಕೊಡುವ ಅಧಿಕಾರವನ್ನು ಅದು ಪಂಡಿತರ ಕೈಯಿಂದ ಕಿತ್ತುಕೊಂಡಿತು. ನಮಗೆ ಖುಷಿಯೇ. ಆದರೆ ಕಿತ್ತುಕೊಂಡ ಅಧಿಕಾರ ಯಾರ ಕೈಗೆ ಹೋಯಿತು? ನಮ್ಮ ತಕರಾರು ಇಷ್ಟೇ.

ಶೆಫರ್ ಒಂದು ತತ್ವ ಹೇಳಿದ. ಸದ್ದು ಎಲ್ಲಿಂದ ಬಂತು, ಯಾರಿಂದ ಬಂತು ಅನ್ನುವುದನ್ನು ಬದಿಗಿಟ್ಟು ಸದ್ದನ್ನಷ್ಟೇ ಕೇಳಬೇಕು ಅನ್ನುವುದು ಅದರ ಸಾರ. ನಮ್ಮ ನವ್ಯ ವಿಮರ್ಶಕರು ಕೃತಿಯನ್ನಷ್ಟೇ ನೋಡಿ, ಬರೆದವನನ್ನು ಬಿಡಿ ಎಂದ ಹಾಗೆಯೇ ಇದು. ರೈಲಿಗೆ ಈ ಮಾತು ಹೊಂದೀತು. ರೈಲಿಗೆ ಜಾತಿಯಿಲ್ಲ. ಕೊರಗರ ಡೋಲಿಗೆ ಹೊಂದುತ್ತದೆಯೇ? ಸಾವಿರ ವರ್ಷ ಒಂದೇ ಒಂದು ದಿನವೂ ಅವರ ಮೂಲವನ್ನು ಮರೆಯದ ಊರು ಇದು. ಬಾವಿಕಟ್ಟೆಯಲ್ಲಿ ನೆನಪಿಸಿತು, ಊಟದ ಪಂಕ್ತಿಯಲ್ಲಿ ನೆನಪಿಸಿತು. ಈಗ ಡೋಲು ಚೆಂದ ಕೇಳುತ್ತದೆ ಅಂದಾಗ ಮಾತ್ರ ‘ಮೂಲ ಮರೆತುಬಿಡಿ’ ಅನ್ನುವುದು ಎಂಥ ನ್ಯಾಯ ಮಾರಾಯ್ರೆ?

ಶೆಫರ್‌ಗಿಂತ ನಾಲ್ಕು ವರ್ಷ ಮೊದಲೇ, 1944ರಲ್ಲಿ, ಈಜಿಪ್ಟಿನ ಹಲೀಮ್ ಎಲ್-ದಬ್ ಈ ಕೆಲಸ ಮಾಡಿದ್ದ. ಕೈರೋದ ಹೆಂಗಸರು ರೋಗ ಬಿಡಿಸಲು ಹಾಡುತ್ತಿದ್ದ ಝಾರ್ ಆಚರಣೆಗೆ ತಲೆಗೆ ಮುಸುಕು ಹಾಕಿಕೊಂಡು ನುಸುಳಿ, ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರದಲ್ಲಿ ಅವರ ದನಿಯನ್ನು ತಂದ. ಆಮೇಲೆ ದನಿಯ ಮೂಲ ಸ್ವರವನ್ನು ತೆಗೆದುಹಾಕಿ ಅದರ ಗುಂಗನ್ನಷ್ಟೇ ಉಳಿಸಿದ. ಯುರೋಪಿಗಿಂತ ಮೊದಲು ಆಫ್ರಿಕಾದ ಮಣ್ಣಿನಲ್ಲಿ ಈ ಕಲೆ ಹುಟ್ಟಿತು ಅನ್ನುವುದು ನಮಗೆ ಹೆಮ್ಮೆಯ ಮಾತು. ಆದರೂ ನಾವು ಕೇಳುತ್ತೇವೆ: ಆ ಹೆಂಗಸರಿಗೆ ಯಾರಾದರೂ ಹೇಳಿದ್ದರೇ? ಗುಂಗು ಉಳಿಯಿತು, ಗಂಟಲು ಅಳಿಸಿಹೋಯಿತು.

ಇದು ದೂರದ ಕತೆಯಾಯಿತು. ನಮ್ಮ ಕೋಟಕ್ಕೇ ಬನ್ನಿ. ಇಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಪ್ರಯೋಗ ಮಾಡಿದವರು. ಅವರ ‘ಚೋಮನ ದುಡಿ’ 1933ರ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ನೋಡಿದವರ ಕಿವಿಯಲ್ಲಿ ಇವತ್ತಿಗೂ ಉಳಿದಿರುವುದು ದುಡಿಯ ಸದ್ದೇ. ಕನ್ನಡದಲ್ಲಿ ಹೊಲೆಯನೊಬ್ಬನ ವಾದ್ಯ ಕತೆಯ ಜೀವವೇ ಆಗಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇವೆ. ಆದರೆ ಚೋಮ ಕೇಳಿದ್ದು ಏನು? ಸ್ವಂತಕ್ಕೆ ಉಳಲು ಒಂದು ತುಂಡು ಭೂಮಿ. ಅದು ಸಿಗಲಿಲ್ಲ. ದುಡಿ ಬಡಿಯುತ್ತಾ ಸತ್ತ. ಓದುಗರು ಕಣ್ಣೀರು ಹಾಕಿದರು, ದುಡಿಯನ್ನು ಮೆಚ್ಚಿದರು, ಭೂಮಿಯನ್ನು ಮರೆತರು. ಸದ್ದನ್ನು ಬೇಡಿಕೆಯಿಂದ ಬಿಡಿಸಿ ಕೇಳುವ ರೋಗ ನಮ್ಮಲ್ಲಿ ಟೇಪ್‌ರೆಕಾರ್ಡರಿಗಿಂತ ಹಳೆಯದು.

ಈಗ ಡೋಲಿಗೆ ಬರೋಣ. ಮರದ ಬೊಡ್ಡೆ ಕೊರೆದು, ಎರಡೂ ಬಾಯಿಗೆ ತೊಗಲು ಬಿಗಿದ ವಾದ್ಯ. ಕೇಳಿದವರ ಎದೆ ನಡುಗುತ್ತದೆ ನಿಜ. ಅದನ್ನು ಬಾರಿಸಿದವರ ಕತೆ ಏನು? ಎಡ್ಗರ್ ಥರ್ಸ್ಟನ್ 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ‘ಅಂಡೆ ಕೊರಗ’ರ ವಿಷಯ ಬರುತ್ತದೆ. ಉಗುಳು ದಾರಿಗೆ ಬೀಳಬಾರದೆಂದು ಕತ್ತಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿದ್ದವರು. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಗದ್ದೆಯ ಬದಿ ಕೂತು ಬೆಳತನಕ ಡೋಲು ಬಾರಿಸಬೇಕಿತ್ತು. ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ಓಡಬೇಕಿತ್ತು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಬೇಕಿತ್ತು. ಇದಕ್ಕೆಲ್ಲ ಹೆಸರು ಅಜಲು. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ, 2000ದಲ್ಲಿ, ಕರ್ನಾಟಕ ಸರ್ಕಾರ ಇದನ್ನು ನಿಷೇಧಿಸುವ ಕಾಯ್ದೆ ತಂದಿತು.

ಆ ಕಾಯ್ದೆಯನ್ನು ಧ್ವನಿಕಲಾವಿದರು ಒಮ್ಮೆ ಓದಬೇಕು. ಅಜಲು ಎಂದರೆ ಬರೀ ಉಗುರು, ಕೂದಲಿನ ಅನ್ನ ಅಂತ ಅಲ್ಲಿಲ್ಲ. ಕೊರಗರ ಸೇವೆ ಪಡೆದು ಕೂಲಿ ಕೊಡದಿರುವುದು, ಬೇರೆಯವರಿಗಿಂತ ಕಡಿಮೆ ಕೊಡುವುದು, ಹಾಗೆ ಭೇದ ಮಾಡುವುದು ಕೂಡ ಅಜಲೇ. ಹಾಗಾದರೆ ಲೆಕ್ಕ ಹಾಕೋಣ. ಪಿಟೀಲಿನವರಿಗೆ ಸಂಭಾವನೆ, ಸ್ಟುಡಿಯೋಗೆ ಬಾಡಿಗೆ, ಕಲಾವಿದರಿಗೆ ಹೆಸರು. ಡೋಲಿನವರಿಗೆ? ‘ಜಾನಪದ ಧ್ವನಿ, ಕುಂದಾಪುರ’ ಅಂತ ಒಂದು ಚೀಟಿ. ಕೋರ್ಟಿನಲ್ಲಿ ಇದು ನಿಲ್ಲುತ್ತದೋ ಇಲ್ಲವೋ ವಕೀಲರು ಹೇಳಲಿ. ನಮ್ಮ ವಿಮರ್ಶೆಯ ಭಾಷೆಯಲ್ಲಿ ಇದು ಸದ್ದಿನ ಅಜಲು.

‘ಸದ್ದಿಗೆಲ್ಲ ಕೂಲಿ ಕೇಳಿದರೆ ಕಲೆ ಉಳಿಯುತ್ತದೆಯೇ?’ ಅನ್ನುವವರಿದ್ದಾರೆ. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಸೊಲೊಮನ್ ದ್ವೀಪದ ಅಫುನಾಕ್ವಾ ಎಂಬ ಹೆಂಗಸಿನ ಜೋಗುಳವನ್ನು ಯಂತ್ರಸಂಗೀತಕ್ಕೆ ಬೆರೆಸಿತು. ಜೋಗುಳವನ್ನು ಹಿಂದೆ ಧ್ವನಿಮುದ್ರಿಸಿದ್ದ ವಿದ್ವಾಂಸ ಹ್ಯೂಗೊ ಝೆಂಪ್ ಆಮೇಲೆ ಬಹಿರಂಗವಾಗಿ ಆಕ್ಷೇಪಿಸಿದರು. ಹಾಡು ಲೋಕವೆಲ್ಲ ಸುತ್ತಿತು, ಜಾಹೀರಾತಿಗೂ ಹೋಯಿತು. ಕಲೆ ಉಳಿಯಿತು ಸ್ವಾಮಿ, ಚೆನ್ನಾಗಿಯೇ ಉಳಿಯಿತು. ಉಳಿಯದೆ ಹೋದದ್ದು ಹಾಡಿದ ತಾಯಿಯ ಪಾಲು.

ಇನ್ನೊಂದು ಕೃತಿ ನಮ್ಮನ್ನು ನಿಜವಾಗಿ ಕಾಡಿದೆ. ಅಮೆರಿಕದ ಸ್ಟೀವ್ ರೈಖ್ 1966ರಲ್ಲಿ ಮಾಡಿದ ‘ಕಮ್ ಔಟ್’. ಹಾರ್ಲೆಮ್‌ನ ಕಪ್ಪು ಯುವಕ ಡೇನಿಯಲ್ ಹ್ಯಾಮ್ ಪೊಲೀಸರ ಏಟು ತಿಂದಿದ್ದ. ರಕ್ತ ಕಾಣದಿದ್ದರೆ ಆಸ್ಪತ್ರೆಗೆ ಸೇರಿಸುವುದಿಲ್ಲ ಅಂತ ತನ್ನ ಬಾವನ್ನು ತಾನೇ ಒತ್ತಿ ರಕ್ತ ಹೊರಡಿಸಿದ್ದನ್ನು ಅವನು ಹೇಳಿದ್ದ ಟೇಪು ಅದು. ಅವನ ಮತ್ತು ಅವನ ಸಂಗಾತಿಗಳ ಮರುವಿಚಾರಣೆಗೆ ಹಣ ಕೂಡಿಸುವ ಸಭೆಗಾಗಿ ರೈಖ್ ಆ ಮಾತಿನ ಒಂದು ತುಂಡನ್ನು ಸುತ್ತಿ ಸುತ್ತಿ ಹಾಡಿಸಿದ. ಮೊದಲು ಮಾತು ನಿಚ್ಚಳ. ಆಮೇಲೆ ಎರಡು ದನಿ, ನಾಲ್ಕು, ಎಂಟು. ಒಂದರ ಮೇಲೊಂದು ಬಿದ್ದು ಕೊನೆಗೆ ಮಾತೇ ಕರಗಿ ಬರೀ ಮೊರೆತ. ಕೋಟತಟ್ಟಿನ ಆ ರಾತ್ರಿ ಗೊತ್ತಿರುವ ನಮಗೆ ಇದನ್ನು ಕೂತು ಕೇಳುವುದು ಸುಲಭವಲ್ಲ. ಯಾವ ಸಂಕಟಕ್ಕೆ, ಯಾರ ಪರವಾಗಿ ಅನ್ನುವುದು ಅಲ್ಲಿ ಸ್ಪಷ್ಟವಿತ್ತು. ಅದು ದೊಡ್ಡದು. ಆದರೆ ಕೊನೆಯ ಹೊತ್ತಿಗೆ ಸಾಕ್ಷಿ ಹೇಳಿದವನ ಸಾಕ್ಷಿಯೇ ಕೇಳಿಸದೆ ಹೋಗುತ್ತದೆ. ಲಾಠಿ ಬಿದ್ದವರ ಮಾತು ಕರಗಬಾರದು. ಕರಗಿಸಲೇಬೇಕಾದರೆ ಅದನ್ನು ಹೇಳಿದವರೇ ತೀರ್ಮಾನಿಸಬೇಕು.

ಬೇರೆ ದಾರಿ ಇಲ್ಲವೇ? ಇದೆ, ನಮ್ಮ ಜಿಲ್ಲೆಗಳಲ್ಲೇ ಇದೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಆರು ದಿನ ಕೂತು ತುಳುವಿನ ಸಿರಿ ಕಾವ್ಯ ಹೇಳಿದರು, 15,683 ಸಾಲು. ಫಿನ್‌ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಜೊತೆಗಿದ್ದರು. 1998ರಲ್ಲಿ ಪುಸ್ತಕ ಬಂದಾಗ ಅದರ ಹೆಸರಿನೊಳಗೇ ಹಾಡಿದವರ ಹೆಸರಿತ್ತು. ಅಷ್ಟೇ ಸಾಕು ಅನ್ನುವುದಿಲ್ಲ. ಆದರೆ ಅನಾಮಿಕ ‘ಜನಪದ’ದಿಂದ ಒಬ್ಬ ಮನುಷ್ಯನ ತನಕ ಬಂದದ್ದು ಒಂದು ಹೆಜ್ಜೆ.

ಕೊರಗರೊಳಗೇ ಇನ್ನೂ ದೊಡ್ಡ ಚರ್ಚೆ ನಡೆದಿದೆ. ಡೋಲು ಗುಲಾಮಗಿರಿಯ ಗುರುತು, ಊರವರ ಗದ್ದೆಯಲ್ಲಿ ಬಾರಿಸುವುದೇ ಬೇಡ ಅಂದವರಿದ್ದಾರೆ. ಡೋಲು ನಮ್ಮದು, ನಮ್ಮ ಹಬ್ಬಕ್ಕೆ ನಾವು ಬಾರಿಸುತ್ತೇವೆ ಅಂದವರೂ ಇದ್ದಾರೆ. ಪ್ರತಿ ಆಗಸ್ಟ್ 18ಕ್ಕೆ ಅವರು ಭೂಮಿ ಹಬ್ಬ ಮಾಡುತ್ತಾರೆ. ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂದು ಮಹಮ್ಮದ್ ಪೀರ್ ವರದಿ ಹೇಳಿ ಮೂವತ್ತು ವರ್ಷ ದಾಟಿತು. ಎಷ್ಟೋ ಮನೆಗಳಿಗೆ ಇನ್ನೂ ಸಿಕ್ಕಿಲ್ಲ. ಈ ಚರ್ಚೆ ಗೊತ್ತಿಲ್ಲದೆ ಡೋಲನ್ನು ಧ್ವನಿಮುದ್ರಿಸಲು ಹೊರಟವರು, ನಡೆಯುತ್ತಿರುವ ಜಗಳದ ಮಧ್ಯೆ ಕೈಹಾಕಿ ಒಂದು ವಸ್ತು ಎತ್ತಿಕೊಂಡು ಹೋದ ಹಾಗೆ. ನಾಳೆ ಡೋಲಿನ ಅಜ್ಜ ಕೇಳಿದರೆ ಏನು ಉತ್ತರ? ‘ಹ್ವಾಯ್, ನಮ್ ಡೋಲ್ ನಿಮ್ ಪೆಟ್ಟಿಗಿ ಒಳ್ಗ್ ಹೋಯ್ತ್. ನಾವ್ ಎಲ್ಲಿಗ್ ಹೋಯ್ಕ್?’

ಗೆಳೆಯರೇ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೇಷ್ಟರುಗಳೇ, ಹಾಸ್ಟೆಲಿನ ವಿದ್ಯಾರ್ಥಿಗಳೇ, ಈ ಕಲೆಯನ್ನು ಬಿಟ್ಟುಕೊಡಬೇಡಿ. ಇದಕ್ಕೆ ಗುರುವಿನ ಮನೆಯ ಗೇಟು ಕಾಯಬೇಕಿಲ್ಲ, ಜನಿವಾರದ ಗಂಟಲು ಬೇಕಿಲ್ಲ. ಕಾಲನಿಯ ಮಕ್ಕಳ ಕೈಗೆ ಮೊಬೈಲು ಕೊಡಿ. ಅವರಿಗೆ ಯಾವುದು ಸದ್ದು ಅನ್ನಿಸುತ್ತದೋ ಅದನ್ನು ಅವರೇ ಹಿಡಿಯಲಿ. ಅವ್ವ ಬುಟ್ಟಿಗೆ ಬಿದಿರು ಸೀಳುವುದು, ಪಂಚಾಯಿತಿ ನಲ್ಲಿ ಬರೀ ಗಾಳಿ ಉಗುಳುವುದು, ಕಚೇರಿಯಲ್ಲಿ ‘ನಾಳೆ ಬಾ’ ಅನ್ನುವ ದನಿ, ಮದುವೆಯ ಡಿಜೆ. ಡೋಲು ಬೇಕೋ ಬೇಡವೋ ಅವರೇ ಹೇಳಲಿ. ಕತ್ತರಿಸುವ ಕತ್ತರಿಯೂ ಅವರ ಕೈಯಲ್ಲಿರಲಿ, ಯಾಕಂದರೆ ಈ ಕಲೆಯಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಅಂತ ತೀರ್ಮಾನಿಸುವುದು ಕತ್ತರಿಯೇ.

ಹೊರಗಿಂದ ಬರುವ ಕಲಾವಿದರಿಗೂ ಬಾಗಿಲು ಮುಚ್ಚುವುದು ಬೇಡ. ಅವರು ಮೊದಲು ಒಪ್ಪಿಗೆ ಕೇಳಲಿ, ಬೇಡ ಅಂದರೆ ಯಂತ್ರ ಮುಚ್ಚಲಿ. ಪಿಟೀಲಿಗೆ ಕೊಟ್ಟಷ್ಟೇ ಡೋಲಿಗೆ ಕೊಡಲಿ. ಬಾರಿಸಿದವರು ಬಯಸಿದರೆ ಅವರ ಹೆಸರು ಹಾಕಲಿ. ಮುಗಿದ ಕೃತಿಯನ್ನು ಬೆಂಗಳೂರಿಗಿಂತ ಮೊದಲು ಆ ಕಾಲನಿಯ ಅಂಗಳದಲ್ಲಿ ಕೇಳಿಸಲಿ, ಜೋರಾಗಿ ಕೇಳಿಸಲಿ. ಆ ರಾತ್ರಿ ಸದ್ದು ಹೆಚ್ಚಾಯಿತು ಅಂತ ದೂರು ಹೋಗಿ ಪೊಲೀಸರು ಬಂದರೆ, ಕಲಾವಿದರು ಅಂಗಳ ಬಿಟ್ಟು ಓಡದೆ ಕಾಲನಿಯವರ ಪಕ್ಕದಲ್ಲಿ ನಿಲ್ಲಲಿ. ಅವರ ಕಲೆ ಯಾರ ಪರ ಅನ್ನುವುದು ನಮಗೆ ಅಲ್ಲಿ ಗೊತ್ತಾಗುತ್ತದೆ.