ನೆಂಟರ ಚಾವಡಿ

ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಡಿಯಾಗೋ ನಗರದಲ್ಲಿ ಕೊಲ್ಲಿಯ ನೀರಿಗೆ ತಾಗಿಕೊಂಡೇ ಉದ್ದಕ್ಕೆ ಮಲಗಿದೆ, ಅಲ್ಲಿನ ಕನ್ವೆನ್ಷನ್ ಸೆಂಟರ್. ಕೆನಡಾದ ಆರ್ಥರ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿಯ ಕಲ್ಪನೆ. 1989ರಲ್ಲಿ ಬಾಗಿಲು ತೆರೆಯಿತು, 2001ರಲ್ಲಿ ಇನ್ನಷ್ಟು ಉದ್ದ ಬೆಳೆಯಿತು. ಮೇಲುಗಡೆ ಬಿಳಿಯ ಹಾಯಿಗಳಂತೆ ಬಿಗಿದು ಕಟ್ಟಿದ ಮಾಡು. ಸಂಜೆ ಬಿಸಿಲಿಗೆ ಇಡೀ ಕಟ್ಟಡವೇ ಹಗ್ಗ ಬಿಚ್ಚಿಕೊಂಡು ಸಮುದ್ರಕ್ಕೆ ಹೊರಟೀತೇನೋ ಅನ್ನಿಸುತ್ತದೆ. ಚೆಂದ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ನಮಗೆ ಹೆಂಗಸರಿಗೆ ಒಂದು ಚಾಳಿಯಿದೆ ನೋಡಿ. ಚೆಂದದ ಚಾವಡಿ ಕಂಡ ಕೂಡಲೇ ಈ ಮನೆಯ ಅಡುಗೆಮನೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ.

ಇದು ನೆಂಟರಿಗಾಗಿಯೇ ಕಟ್ಟಿದ ಚಾವಡಿ. ವೈದ್ಯರು, ವ್ಯಾಪಾರಿಗಳು, ರಾಜಕಾರಣಿಗಳು ಸಭೆ ನಡೆಸುತ್ತಾರೆ. ಕಾಮಿಕ್-ಕಾನ್ ಎಂಬ ಚಿತ್ರಕಥೆಗಳ ಜಾತ್ರೆ 1991ರಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. ಅದಕ್ಕೆ ಬರುವವರೇ ಒಂದು ಲಕ್ಷದ ಮೂವತ್ತು ಸಾವಿರ ದಾಟುತ್ತಾರೆ. ಊರಿಗೆ ದುಡ್ಡು, ದುಡಿಯುವವರಿಗೆ ಕೆಲಸ, ಅದೂ ನಿಜವೇ. ಆದರೆ ಪೇಟೆಯ ಕಡೆಯಿಂದ ನೋಡಿದರೆ ಎತ್ತರದ ಗೋಡೆಯೊಂದು ಕಡಲನ್ನು ಮರೆಮಾಡಿದಂತೆ ಕಾಣುತ್ತದೆ. ನಡುವೆ ಅಗಲದ ರಸ್ತೆ, ರೈಲು ಹಳಿ, ಟ್ರಾಲಿ ಹಳಿ. ಇವನ್ನೆಲ್ಲ ದಾಟಿಸುವ 550 ಅಡಿಯ ಕಾಲುಸೇತುವೆ ಬಂದದ್ದು 2011ರಲ್ಲಿ, ಕಟ್ಟಡ ಎದ್ದು ಇಪ್ಪತ್ತು ವರ್ಷ ಕಳೆದ ಮೇಲೆ! ಕೊಲ್ಲಿಯ ಕಡೆಯ ದೊಡ್ಡ ಮೆಟ್ಟಿಲುಗಳಲ್ಲೂ ನೀರಂಚಿನ ಕಾಲುದಾರಿಯಲ್ಲೂ ಯಾರು ಬೇಕಾದರೂ ಅಡ್ಡಾಡಬಹುದು ಎನ್ನುವುದಷ್ಟೇ ಸಮಾಧಾನ.

ಸಭೆ ಮುಗಿಸಿದ ನೆಂಟರು ರಸ್ತೆ ದಾಟಿದರೆ ಗ್ಯಾಸ್‌ಲ್ಯಾಂಪ್ ಕ್ವಾರ್ಟರ್. ಹಳೆಯ ಇಟ್ಟಿಗೆ ಕಟ್ಟಡಗಳು, ಹೊಸ ಹೋಟೆಲುಗಳು, ನಗು, ಸಂಗೀತ. ಹಿಂದೆ ಈ ಭಾಗಕ್ಕೆ ಸ್ಟಿಂಗರೀ ಎಂಬ ಹೆಸರಿತ್ತು. ಬಡ ಹೆಂಗಸರು ಮೈ ಮಾರಿ ಬದುಕುತ್ತಿದ್ದ ಕೇರಿ. 1912ರಲ್ಲಿ ಪೊಲೀಸರು ದಾಳಿ ಮಾಡಿ ನೂರಕ್ಕೂ ಹೆಚ್ಚು ಹೆಂಗಸರನ್ನು ಹಿಡಿದರು. ಹೆಚ್ಚಿನವರನ್ನು ಊರು ಬಿಡಿಸಿದರು. ಅವರ ಬಾಗಿಲಿಗೆ ಬರುತ್ತಿದ್ದ ಗಂಡಸರನ್ನು ಊರು ಬಿಡಿಸಿದ್ದನ್ನು ನಾನು ಕೇಳಿಲ್ಲ. ಈಗ ಆ 'ಪೋಲಿ ಕಾಲ'ದ ಕಥೆಯೂ ಪ್ರವಾಸಿಗಳಿಗೆ ರುಚಿಯ ಒಗ್ಗರಣೆ. ಹೆಂಗಸರು ಹೋದರು, ಕಥೆ ಮಾತ್ರ ವ್ಯಾಪಾರಕ್ಕೆ ಉಳಿಯಿತು.

ದಡದ ಉದ್ದಕ್ಕೆ ನಡೆದರೆ ಸೀಪೋರ್ಟ್ ವಿಲೇಜ್. ಹಳೆಯ ಬಂದರಿನ ಹಳ್ಳಿಯಂತೆ ಕಾಣಲೆಂದು ಕಟ್ಟಿ 1980ರಲ್ಲಿ ತೆರೆದ ಅಂಗಡಿ ಸಾಲು. ಇನ್ನೂ ಮುಂದೆ ಸ್ಟಾರ್ ಆಫ್ ಇಂಡಿಯಾ ಎಂಬ ಹಾಯಿಹಡಗು. ನಮ್ಮ ದೇಶದ ಹೆಸರು ಕಂಡು ನನಗೆ ಹಿಗ್ಗಾಯಿತು. 1863ರಲ್ಲಿ ನೀರಿಗಿಳಿದ ಈ ಹಡಗು ಮೊದಲು ಭಾರತದ ದಾರಿಯಲ್ಲೇ ಓಡಿ, ಬಂಗಾಳ ಕೊಲ್ಲಿಯ ಬಿರುಗಾಳಿಗೂ ಸಿಕ್ಕಿತ್ತಂತೆ. ಆಗಿನ ಹೆಸರು ಯೂಟರ್ಪೆ. ಈ ಹೆಸರಿಟ್ಟದ್ದು 1906ರಲ್ಲಿ. ಹಡಗನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ! ಅದನ್ನು ಮೆಚ್ಚಲೇಬೇಕು.

ಆದರೆ ಈ ಊರು ಒಂದು ಕಾಲಕ್ಕೆ ಟ್ಯೂನಾ ಮೀನಿನ ರಾಜಧಾನಿ ಎನಿಸಿಕೊಂಡಿತ್ತು. ಗಂಡಸರು ದೋಣಿಯಲ್ಲಿ ಹೋಗಿ ಹಿಡಿದು ತಂದ ಮೀನನ್ನು ಶುಚಿಮಾಡಿ ಡಬ್ಬಿಗೆ ತುಂಬುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು: ಮೆಕ್ಸಿಕೋ, ಪೋರ್ಚುಗಲ್, ಇಟಲಿ, ಜಪಾನ್ ಮೂಲದವರು. ಒದ್ದೆ ನೆಲದ ಮೇಲೆ ನಿಂತೇ ದಿನ ಕಳೆಯುವ ಕೆಲಸ. 1980ರ ದಶಕದಲ್ಲಿ ಕಾರ್ಖಾನೆಗಳು ಮುಚ್ಚಿದವು. ಶೆಲ್ಟರ್ ಐಲೆಂಡ್‌ನಲ್ಲಿ ಮೀನು ಎಳೆಯುವ ಮೂವರು ಗಂಡಸರ ಕಂಚಿನ ಪ್ರತಿಮೆಯಿದೆ. ನೆಂಟರು ಸುತ್ತುವ ಈ ದಡದ ಮೇಲೆ ಡಬ್ಬಿ ತುಂಬಿದ ಕೈಗಳ ಗುರುತು ನನಗಂತೂ ಸಿಗಲಿಲ್ಲ.

ಅಡುಗೆಮನೆ ಇದ್ದದ್ದು ಟ್ರಾಲಿಯಲ್ಲಿ ಕೆಲವೇ ನಿಮಿಷ ದೂರದ ಬ್ಯಾರಿಯೊ ಲೋಗನ್‌ನಲ್ಲಿ. ಮೆಕ್ಸಿಕೋ ಮೂಲದ ದುಡಿಯುವ ಜನರ ಕೇರಿ. 1969ರ ಕೊರೊನಾಡೊ ಸೇತುವೆಯ ಕಂಬಗಳು ಈ ಕೇರಿಯ ನಡುವೆಯೇ ಎದ್ದವು. ಸೇತುವೆಯಡಿ ಉದ್ಯಾನ ಬರುವುದೆಂದು ಜನ ನಂಬಿದ್ದರು. 1970ರ ಏಪ್ರಿಲ್‌ನಲ್ಲಿ ಪೊಲೀಸ್ ಠಾಣೆಗಾಗಿ ಬುಲ್‌ಡೋಜರ್ ಬಂದಾಗ ಹೆಂಗಸರು, ಮಕ್ಕಳು, ವಿದ್ಯಾರ್ಥಿಗಳು ಎಲ್ಲ ಸೇರಿ ಜಾಗ ಬಿಡದೆ ನಿಂತು ಗೆದ್ದರು. ಅದೇ ಈಗಿನ ಚಿಕಾನೋ ಪಾರ್ಕ್. ಆ ಬೋಳು ಕಂಬಗಳ ಮೇಲೆ ಅವರೇ ಬರೆದ ಬಣ್ಣದ ಚಿತ್ರಗಳ ಮುಂದೆ ನಿಂತಾಗ, ಬಿಳಿಯ ಹಾಯಿಗಳು ನನಗೆ ಸ್ವಲ್ಪ ಸಪ್ಪೆಯಾಗಿ ಕಂಡವು.

ಹಾಗೆಂದು ಆ ಚಾವಡಿಯನ್ನು ಬರೀ ಬೈದು ಮುಗಿಸಲಾರೆ. 2020ರ ಕೊರೋನಾ ಕಾಲದಲ್ಲಿ ಸಭೆಗಳು ನಿಂತಾಗ, ಮನೆಯಿಲ್ಲದೆ ಬೀದಿಯಲ್ಲಿ ಮಲಗುತ್ತಿದ್ದವರಿಗೆ ಅಲ್ಲಿ ಮಂಚ ಹಾಕಿಕೊಟ್ಟರು. 2021ರ ಮಾರ್ಚ್‌ನಿಂದ ಜುಲೈವರೆಗೆ, ಹೆತ್ತವರಿಲ್ಲದೆ ಗಡಿ ದಾಟಿ ಬಂದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿ ತಂಗಿದರು. ಬಹುಪಾಲು ಹದಿಮೂರರಿಂದ ಹದಿನೇಳರ ಹೆಣ್ಣುಮಕ್ಕಳು. ಸಾಲು ಮಂಚಗಳ ಆ ಹಾಲು ಮನೆಯಾಗದು, ಮಕ್ಕಳಿಗೆ ಹೊರಗೆ ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ಆದರೂ ಅಷ್ಟು ದೊಡ್ಡ ಮಾಡು, ಅಷ್ಟು ಬಚ್ಚಲು, ಅಷ್ಟು ದೊಡ್ಡ ಅಡುಗೆಕೋಣೆ ಯಾಕಿರಬೇಕು ಎಂಬುದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಸಿಕ್ಕಿದ್ದು ಅಲ್ಲೇ. ಟಿಕೆಟ್ಟಿಲ್ಲದೆ ಬಂದ ನೆಂಟರನ್ನೂ ಕೂರಿಸಬಲ್ಲ ಚಾವಡಿಯೇ ಊರಿನ ಚಾವಡಿ. ಅದಕ್ಕೊಂದು ಮಹಾಮಾರಿ ಬರುವವರೆಗೆ ಕಾಯಬೇಕಾಯಿತಲ್ಲ ಎಂಬುದೇ ನನ್ನ ಆಕ್ಷೇಪ.

ನಿಮ್ಮ ಮಗಳೋ ಸೊಸೆಯೋ ಆ ಕಡೆ ಇದ್ದು ಕರೆದುಕೊಂಡು ಹೋದರೆ ಹಾಯಿಗಳನ್ನು ನೋಡಿ, ಮೆಟ್ಟಿಲು ಹತ್ತಿ ಕೊಲ್ಲಿಯ ಗಾಳಿ ಕುಡಿಯಿರಿ. ಆಮೇಲೆ ಟ್ರಾಲಿ ಹತ್ತಿ ಬ್ಯಾರಿಯೊ ಲೋಗನ್‌ಗೂ ಹೋಗಿ ಬನ್ನಿ. ಎರಡನ್ನೂ ಕಂಡರೆ ಮಾತ್ರ ಊರು ಕಂಡಂತೆ.