ತಲೆಕೆಳಗಿಟ್ಟ ಚಿತ್ರದ ಪಾಠ

ಅಮೆರಿಕದ ಶಾಲೆಗಳ ಆರ್ಟ್ ಕ್ಲಾಸುಗಳ ಮೇಲೆ ಬೆಟಿ ಎಡ್ವರ್ಡ್ಸ್ ಅವರ ‘ಡ್ರಾಯಿಂಗ್ ಆನ್ ದಿ ರೈಟ್ ಸೈಡ್ ಆಫ್ ದಿ ಬ್ರೈನ್’ (1979) ಪುಸ್ತಕದ ಪ್ರಭಾವ ಬಹಳ. ಪಿಕಾಸೋ 1920ರಲ್ಲಿ ಬರೆದ ಸ್ಟ್ರಾವಿನ್‌ಸ್ಕಿಯ ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡಿಸುವುದು ಇದರ ಪ್ರಸಿದ್ಧ ಅಭ್ಯಾಸ. ಆಗ ಮೂಗು, ಕಣ್ಣು ಎಂಬ ಹೆಸರುಗಳು ಮರೆತುಹೋಗಿ ಮಕ್ಕಳು ಗೆರೆಯನ್ನೇ ನೋಡತೊಡಗುತ್ತಾರೆ. ಪಾಠ ಸೊಗಸಾಗಿದೆ.

ಆದರೆ ವೈದ್ಯನಾಗಿ ನನ್ನದೊಂದು ಆಕ್ಷೇಪ. ಲೇಖಕಿ ಆಧಾರವಾಗಿಟ್ಟುಕೊಂಡ, 1981ರ ನೊಬೆಲ್ ಪಡೆದ ರೋಜರ್ ಸ್ಪೆರಿಯವರ ಸಂಶೋಧನೆ, ಮಿದುಳಿನ ಎಡ-ಬಲ ಭಾಗಗಳ ಸಂಪರ್ಕ ಕತ್ತರಿಸಿದ್ದ ಮೂರ್ಛೆರೋಗಿಗಳನ್ನು ಕುರಿತದ್ದು. ಆರೋಗ್ಯವಂತರಲ್ಲಿ ಎರಡೂ ಭಾಗ ಕೂಡಿಯೇ ಕೆಲಸ ಮಾಡುತ್ತವೆ. ಆದ್ದರಿಂದ ‘ನಮ್ಮ ಹುಡುಗನದು ಲೆಕ್ಕದ ತಲೆ, ಚಿತ್ರವೇಕೆ?’ ಎಂದು ಆರ್ಟ್ ಕ್ಲಾಸ್ ಬಿಡಿಸುವ ತಂದೆತಾಯಂದಿರು ಪುಸ್ತಕದ ಸಿದ್ಧಾಂತವನ್ನು ಬದಿಗಿಟ್ಟು ಅಭ್ಯಾಸವನ್ನು ಹಿಡಿಯಲಿ. ನೋಡಲು ಕಲಿತ ಕಣ್ಣು ನಾಳೆ ಎಕ್ಸ್‌ರೇ ಓದುವವನಿಗೂ ಬೇಕು.